ಬಿಡಲಾಗದ ಅನ್ನ, ಬಿಡಬೇಕಾದ ಚಟ

ಕುಡಿತ ಬಿಟ್ಟವರು ಬಾಟಲಿಯನ್ನು ಮತ್ತೆ ಮುಟ್ಟದೆ ಇರಬಹುದು. ಅನ್ನ ಬಿಡುವುದು ಹೇಗೆ? ಮಿತಿಮೀರಿ ತಿನ್ನುವವರ ಸಂಕಟವೇ ಇದು: ದಿನಕ್ಕೆ ಮೂರು ಹೊತ್ತು ಅದರೆದುರೇ ಕೂರಬೇಕು.

ಲಾಸ್ ಏಂಜಲೀಸ್‌ನಲ್ಲಿ ನಾನು ಹೋಗುವ, ಮಿತಿಮೀರಿ ತಿನ್ನುವವರ ಕೂಟ ‘ಓವರ್‌ಈಟರ್ಸ್ ಅನಾನಿಮಸ್’ ಹುಟ್ಟಿದ್ದು ಇದೇ ಊರಿನಲ್ಲಿ, 1960ರಲ್ಲಿ. ಕುಡಿತ ಬಿಡಿಸಲು 1935ರಲ್ಲಿ ಓಹಾಯೋದ ಆಕ್ರನ್‌ನಲ್ಲಿ ಶುರುವಾದ ‘ಆಲ್ಕೊಹಾಲಿಕ್ಸ್ ಅನಾನಿಮಸ್’ನ ಹನ್ನೆರಡು ಹೆಜ್ಜೆಗಳೇ ಇದಕ್ಕೂ ಆಧಾರ. ಅವುಗಳ ಬೇರು ಆಕ್ಸ್‌ಫರ್ಡ್ ಗ್ರೂಪ್ ಎಂಬ ಕ್ರೈಸ್ತ ಚಳವಳಿಯಲ್ಲಿದೆ. ಆದರೂ ನಮ್ಮ ಕೂಟ ಯಾವ ಧರ್ಮಕ್ಕೂ ಸೇರಿದ್ದಲ್ಲ; ದೇವರು ಯಾರೆಂಬುದನ್ನು ಅವರವರ ಅರಿವಿಗೆ ಬಿಟ್ಟಿದೆ. ನನಗೆ ಆತ ಯೇಸುಸ್ವಾಮಿ.

ಮಂಗಳೂರಿನ ಕ್ಯಾಥೊಲಿಕ್ ಮನೆಯಲ್ಲಿ ಬೆಳೆದವಳಿಗೆ ಐದನೇ ಹೆಜ್ಜೆ ಹೊಸದೇನಲ್ಲ. ದೇವರ ಮುಂದೆ, ತನ್ನ ಮುಂದೆ, ಇನ್ನೊಬ್ಬರ ಮುಂದೆ ತಪ್ಪು ಒಪ್ಪಿಕೊಳ್ಳುವುದು. ನಮ್ಮ ಪಾಪನಿವೇದನೆಯ ಹಾಗೆಯೇ. ಆದರೆ ಇಲ್ಲಿ ಕೇಳುವವರು ಪಾದ್ರಿಗಳೇ ಆಗಬೇಕಿಲ್ಲ. ನನ್ನದನ್ನು ಕೇಳಿದ್ದು ನನ್ನ ಸ್ಪಾನ್ಸರ್, ಎಂದರೆ ಕೂಟದಲ್ಲಿ ನನಗೆ ದಾರಿ ತೋರುವವರು, ಇದೇ ಚಟದಲ್ಲಿ ನರಳಿ ಎದ್ದುಬಂದ ಹೆಂಗಸು. ರಾತ್ರಿ ಮಲಗುವ ಮುನ್ನ ನಾಳೆಯ ಊಟವನ್ನು ಚೀಟಿಯಲ್ಲಿ ಬರೆದು ಅವರಿಗೆ ಫೋನಿನಲ್ಲಿ ಓದುತ್ತೇನೆ: ಎರಡು ಇಡ್ಲಿ, ಒಂದು ಬಟ್ಟಲು ಸಾಂಬಾರ್, ಮಧ್ಯಾಹ್ನ ಒಂದು ಕಪ್ ಅನ್ನ, ಮೀನು ಸಾರು, ಬೀನ್ಸ್ ಪಲ್ಯ. ಓದಿದ ಮೇಲೆ ಇಬ್ಬರೂ ಪ್ರಾರ್ಥಿಸುತ್ತೇವೆ. ಸಿಟ್ಟು, ಒಂಟಿತನ ಕಾಡಿದಾಗ ಕೈ ತಿಂಡಿ ಡಬ್ಬಿಗೆ ಹೋಗುವ ಮೊದಲು ಫೋನಿಗೆ ಹೋಗುತ್ತದೆ.

ಈ ಕೂಟ ವೈದ್ಯರಿಗೆ ಬದಲಿಯಲ್ಲ. ಅಂಕೆಯಿಲ್ಲದೆ ಮತ್ತೆ ಮತ್ತೆ ಅತಿಯಾಗಿ ತಿನ್ನುವುದನ್ನು ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಪ್ರತ್ಯೇಕ ಕಾಯಿಲೆಯೆಂದು ಪಟ್ಟಿಗೆ ಸೇರಿಸಿತು. ಅದಕ್ಕೆ ಚಿಕಿತ್ಸೆ ಬೇಕು, ನಾನೂ ಪಡೆಯುತ್ತಿದ್ದೇನೆ. ಕೂಟಕ್ಕೆ ಶುಲ್ಕವಿಲ್ಲ, ತೂಕ ನೋಡುವವರಿಲ್ಲ. ಈ ಚಟ ಬಿಡಬೇಕೆಂಬ ಆಸೆಯೊಂದಿದ್ದರೆ ಯಾರು ಬೇಕಾದರೂ ಬಂದು ಕೂರಬಹುದು.