ರಸ್ತೆ ಸಿದ್ಧ, ವೀಸಾ ಎಲ್ಲಿ?

ಬೆಂಗಳೂರಿನಿಂದ ಲಂಡನ್‌ವರೆಗೆ ಬೈಕಿನಲ್ಲೋ ಕಾರಿನಲ್ಲೋ ಹೋಗಿಬರಬೇಕೆಂದು ಹಂಬಲಿಸುವವರು ನಮ್ಮಲ್ಲಿ ಈಗ ಕಡಿಮೆಯೇನಿಲ್ಲ. ಟೈರು, ಬಿಡಿಭಾಗ, ಟೆಂಟು, ಪೆಟ್ರೋಲ್ ಖರ್ಚು ಎಲ್ಲದರ ಲೆಕ್ಕವನ್ನೂ ಅವರು ಮೊದಲೇ ಹಾಕಿರುತ್ತಾರೆ. ಎಂಜಿನ್ ಕೆಟ್ಟರೆ ಯಾವುದೋ ಊರಿನ ಮೆಕ್ಯಾನಿಕ್ ರಿಪೇರಿ ಮಾಡಿಕೊಟ್ಟಾನು. ಆದರೆ ವೀಸಾ ಬಾರದಿದ್ದರೆ ಕಾಯದೆ ವಿಧಿಯಿಲ್ಲ.

ವಿಮಾನದಲ್ಲಿ ಹೋಗುವವರಿಗೆ ವೀಸಾ ತಡವಾದರೆ ಟಿಕೆಟಿನ ದಿನಾಂಕ ಬದಲಾಗುತ್ತದೆ, ಅಷ್ಟೆ. ರಸ್ತೆಯಲ್ಲಿ ಹೋಗುವವರ ವೀಸಾಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡಿರುತ್ತವೆ. ಒಂದು ದೇಶದಿಂದ ಹೊರಬೀಳುವ ದಿನವೇ ಪಕ್ಕದ ದೇಶ ಪ್ರವೇಶಿಸುವ ದಿನ. ನಡುವಿನದೊಂದು ಹತ್ತು ದಿನ ತಡವಾದರೆ ಮುಂದಿನವೆಲ್ಲ ಅಸ್ತವ್ಯಸ್ತ.

ಐದು ದಿನದ ಮರುಭೂಮಿ

ವೀಸಾಗಳ ಈ ಕೊಂಡಿಗೆ ತುರ್ಕ್‌ಮೆನಿಸ್ತಾನಕ್ಕಿಂತ ಸ್ಪಷ್ಟ ಉದಾಹರಣೆ ಸಿಗುವುದು ಕಷ್ಟ. ಕೋವಿಡ್‌ಗೆ ಮುಂಚಿನ ವರ್ಷಗಳಲ್ಲಿ ಇರಾನ್‌ನಿಂದ ಉಜ್ಬೇಕಿಸ್ತಾನಕ್ಕೆ ಹೋಗುತ್ತಿದ್ದ ಸೈಕಲ್ ಸವಾರರು ಈ ದೇಶದ ಟ್ರಾನ್ಸಿಟ್ ವೀಸಾಕ್ಕಾಗಿ ವಾರಗಟ್ಟಲೆ ಕಾಯುತ್ತಿದ್ದರು. ಅರ್ಜಿ ಹಾಕಬೇಕಾದರೆ ಎರಡೂ ಪಕ್ಕದ ದೇಶಗಳ ವೀಸಾ ಮೊದಲೇ ಕೈಯಲ್ಲಿರಬೇಕಿತ್ತು. ಸಿಕ್ಕರೆ ಮೂರರಿಂದ ಐದು ದಿನ. ಯಾವ ಗಡಿಯಲ್ಲಿ ಒಳಬರಬೇಕು, ಯಾವುದರಲ್ಲಿ ಹೊರಡಬೇಕು ಎನ್ನುವುದೂ ಮೊದಲೇ ನಿಗದಿ. ಅರ್ಜಿ ತಿರಸ್ಕಾರವಾದರೆ ಕಾರಣ ತಿಳಿಸುತ್ತಿರಲಿಲ್ಲ.

ಇರಾನ್ ಕಡೆಯ ಸರಖ್ಸ್ ಗಡಿಯಿಂದ ಮೇರಿ ನಗರದ ಮೂಲಕ ಉಜ್ಬೇಕಿಸ್ತಾನ ಕಡೆಯ ಫರಾಪ್‌ ಗಡಿಯವರೆಗೆ ಸುಮಾರು 500 ಕಿ.ಮೀ. ನಡುವೆ ಕಾರಾಕುಮ್ ಮರುಭೂಮಿ. ಎದುರುಗಾಳಿ ಬೀಸಲಿ, ಬಿಸಿಲು ಸುಡಲಿ, ಐದನೆಯ ದಿನ ಗಡಿಯ ಗೇಟು ಮುಚ್ಚುವುದರೊಳಗೆ ಅಲ್ಲಿರಲೇಬೇಕಿತ್ತು. ಅದಕ್ಕಾಗಿ ರಾತ್ರಿಯಿಡೀ ಪೆಡಲ್ ತುಳಿದವರಿದ್ದಾರೆ. ಕೊನೆಗೆ ಸೈಕಲ್ಲನ್ನು ಲಾರಿಗೆ ಏರಿಸಿದವರೂ ಇದ್ದಾರೆ.

ಸಮುದ್ರದ ದಾರಿಯಂತೂ ಇನ್ನೂ ಕಷ್ಟ. ಅಜರ್‌ಬೈಜಾನ್ ರಾಜಧಾನಿ ಬಾಕುವಿನ ದಕ್ಷಿಣಕ್ಕಿರುವ ಆಲಾತ್ ಬಂದರಿನಿಂದ ಕ್ಯಾಸ್ಪಿಯನ್ ದಾಟುವ ಹಡಗುಗಳಿಗೆ ವೇಳಾಪಟ್ಟಿಯಿಲ್ಲ. ಅವು ಮೂಲತಃ ಸರಕಿನ ಹಡಗುಗಳು. ಲಾರಿ, ರೈಲು ವ್ಯಾಗನ್‌ಗಳು ತುಂಬಬೇಕು, ಗಾಳಿ ತಗ್ಗಬೇಕು, ಆಮೇಲೆಯೇ ಲಂಗರು ಎತ್ತುವುದು. ಪ್ರಯಾಣಿಕರು ಬಂದರಿನ ಅಂಗಳದಲ್ಲೇ ಲಾರಿ ಚಾಲಕರ ಜತೆ ಚಹಾ ಕುಡಿಯುತ್ತ, ಅಲ್ಲೇ ಮಲಗುತ್ತ ಕರೆಗಾಗಿ ಕಾಯುತ್ತಾರೆ. ಹಡಗು ತುರ್ಕ್‌ಮೆನಿಸ್ತಾನದ ತುರ್ಕ್‌ಮೆನ್‌ಬಾಷಿ ಬಂದರು ತಲುಪಿದರೂ ದಡ ಸೇರಲು ಜಾಗ ಸಿಗದೆ ಹೊರಗೇ ನಿಲ್ಲುವುದುಂಟು. ಟ್ರಾನ್ಸಿಟ್ ವೀಸಾದ ದಿನಗಳು ಮಾತ್ರ ಯಾರಿಗೂ ಕಾಯುತ್ತಿರಲಿಲ್ಲ. ಐದರಲ್ಲಿ ಎರಡು ದಿನ ನೀರಿನ ಮೇಲೆಯೇ ಕಳೆದರೆ, ಉಳಿದ ಮೂರರಲ್ಲಿ ಸಾವಿರ ಕಿ.ಮೀ.ಗೂ ಹೆಚ್ಚು ದೂರ ಕ್ರಮಿಸಬೇಕಿತ್ತು.

ನಮ್ಮ ಪಾಸ್‌ಪೋರ್ಟಿನ ಕಷ್ಟ

ಭಾರತೀಯರಿಗೆ ಈ ತೊಡಕು ಇನ್ನೂ ಬಿಗಿ. ಬ್ರಿಟನ್, ಜರ್ಮನಿಯಂಥ ದೇಶಗಳು ಅಗತ್ಯವಿದ್ದವರಿಗೆ ಎರಡನೆಯ ಪಾಸ್‌ಪೋರ್ಟ್ ಕೊಡುತ್ತವೆ. ಒಂದು ರಾಯಭಾರ ಕಚೇರಿಯಲ್ಲಿದ್ದರೆ ಇನ್ನೊಂದನ್ನು ಹಿಡಿದು ಮುಂದೆ ಸಾಗಬಹುದು. ನಮ್ಮಲ್ಲಿ ಒಬ್ಬರಿಗೆ ಒಂದೇ ಸಾಮಾನ್ಯ ಪಾಸ್‌ಪೋರ್ಟ್.

ಯುರೋಪಿನ ಷೆಂಗೆನ್ ವೀಸಾವನ್ನೇ ನೋಡಿ. ಪ್ರಯಾಣಕ್ಕೆ ಆರು ತಿಂಗಳ ಮೊದಲಷ್ಟೇ ಅರ್ಜಿ ಹಾಕಲು ಸಾಧ್ಯ. ಸಾಮಾನ್ಯವಾಗಿ ವಾಸವಿರುವ ದೇಶದಲ್ಲೇ ಹಾಕಬೇಕು. ತೀರ್ಮಾನಕ್ಕೆ 15 ದಿನ, ಹೆಚ್ಚಿನ ಪರಿಶೀಲನೆ ಬೇಕಾದರೆ 45 ದಿನ. ಊರು ಬಿಟ್ಟು ಎಂಟು ತಿಂಗಳಿಗೆ ಯುರೋಪ್ ಮುಟ್ಟುವ ಯೋಜನೆಯಿದ್ದರೆ ಈ ಲೆಕ್ಕ ಕೂಡುವುದೇ ಇಲ್ಲ.

ಇ-ವೀಸಾ ಬಂದಮೇಲೆ ಎಲ್ಲ ಸಲೀಸಾಯಿತು ಎನ್ನುವಂತೆಯೂ ಇಲ್ಲ. ಇರಾನ್ 2024ರ ಫೆಬ್ರುವರಿಯಲ್ಲಿ ಭಾರತೀಯರಿಗೆ 15 ದಿನಗಳ ವೀಸಾ ವಿನಾಯಿತಿ ಕೊಟ್ಟಿತು, ಆದರೆ ವಿಮಾನದಲ್ಲಿ ಬಂದವರಿಗೆ ಮಾತ್ರ. 2025ರ ನವೆಂಬರ್‌ನಲ್ಲಿ ಅದೂ ನಿಂತಿತು. ಅಜರ್‌ಬೈಜಾನ್ ಇ-ವೀಸಾ ಕೊಡುತ್ತದೆ, ಆದರೆ 2020ರ ಮಾರ್ಚ್‌ನಲ್ಲಿ ಮುಚ್ಚಿದ ಭೂಗಡಿಗಳನ್ನು ಪ್ರಯಾಣಿಕರಿಗೆ ವರ್ಷಗಟ್ಟಲೆ ತೆರೆಯಲಿಲ್ಲ. ವೀಸಾ ಇದ್ದ ಮಾತ್ರಕ್ಕೆ ರಸ್ತೆ ತೆರೆದಿದೆ ಎಂದಲ್ಲ.

ವಾಹನಕ್ಕೂ ಗಡುವಿದೆ. ಕಾರು, ಬೈಕುಗಳನ್ನು ಹಲವು ದೇಶಗಳೊಳಗೆ ಸುಂಕವಿಲ್ಲದೆ ಒಯ್ಯಲು ಬೇಕಾದ ‘ಕಾರ್ನೆ’ ದಾಖಲೆಯ ಅವಧಿ ಒಂದು ವರ್ಷ. ಕಾಯುತ್ತ ಕುಳಿತ ವಾರಗಳೂ ಅದರಲ್ಲೇ ಸವೆಯುತ್ತವೆ.

ಏನು ಮಾಡಬಹುದು?

ಮೊದಲು ಹುಡುಕಬೇಕಾದದ್ದು ದಾರಿಯಲ್ಲಿನ ಅತಿ ಕಠಿಣ ವೀಸಾ ಯಾವುದು ಎಂಬುದನ್ನು. ಅದರ ದಿನಾಂಕ ಇಟ್ಟುಕೊಂಡು ಹಿಂದಕ್ಕೂ ಮುಂದಕ್ಕೂ ಲೆಕ್ಕ ಹಾಕಬೇಕು. ಪ್ರತಿ ದೇಶದ ವೀಸಾ ಯಾವ ಗಡಿಠಾಣೆಯಲ್ಲಿ ನಡೆಯುತ್ತದೆ ಎಂದು ಹೆಸರು ಸಮೇತ ಖಚಿತಪಡಿಸಿಕೊಳ್ಳಬೇಕು. 36 ಪುಟಗಳ ಪಾಸ್‌ಪೋರ್ಟಿನ ಬದಲು 60 ಪುಟಗಳದ್ದನ್ನೇ ಮಾಡಿಸಿಕೊಳ್ಳುವುದು ಮೇಲು, ಏಕೆಂದರೆ ಖಾಲಿ ಪುಟ ಇಲ್ಲದಿದ್ದರೆ ಅರ್ಜಿಯೇ ಮುಂದೆ ಹೋಗುವುದಿಲ್ಲ. ಫೋಟೊ, ಬ್ಯಾಂಕ್ ಸ್ಟೇಟ್‌ಮೆಂಟ್, ಪಾಸ್‌ಪೋರ್ಟ್ ಪ್ರತಿಗಳು ಬ್ಯಾಗಿನಲ್ಲಿ ಸದಾ ಇರಲಿ.

ಕಾಯುವ ಊರನ್ನೂ ನಾವೇ ಆರಿಸಿಕೊಳ್ಳಬಹುದು. ಹಲವು ರಾಯಭಾರ ಕಚೇರಿಗಳಿರುವ ತಾಷ್ಕೆಂಟ್, ದುಶಾಂಬೆಯಂಥ ನಗರಗಳಲ್ಲಿ ತಂಗಿದರೆ ಎರಡು ಮೂರು ಅರ್ಜಿಗಳ ಕೆಲಸ ಒಂದೇ ಕಡೆ ಆಗುತ್ತದೆ. ಅಲ್ಲಿನ ಗೆಸ್ಟ್‌ಹೌಸ್‌ಗಳಲ್ಲಿ ಎದುರು ದಿಕ್ಕಿನಿಂದ ಬಂದ ಪ್ರಯಾಣಿಕರು ಸಿಗುತ್ತಾರೆ. ಮೊನ್ನೆಯಷ್ಟೇ ಗಡಿ ದಾಟಿದವರ ಮಾತು ಹಳೆಯ ಮಾರ್ಗದರ್ಶಿ ಪುಸ್ತಕಕ್ಕಿಂತ ಉಪಯುಕ್ತ.

ವೀಸಾ ಬರಲೇ ಇಲ್ಲವೆಂದರೆ ಆ ದೇಶವನ್ನು ಬಿಟ್ಟು ಸುತ್ತಿ ಹೋಗಿ, ಇಲ್ಲವೇ ವಿಮಾನ ಹತ್ತಿ. ಅದರಲ್ಲಿ ಅವಮಾನವೇನೂ ಇಲ್ಲ. ಆದರೆ ಅವಧಿ ಮೀರಿ ಒಂದು ದಿನವೂ ಎಲ್ಲೂ ಉಳಿಯಬೇಡಿ. ದಂಡ, ಗಡಿಪಾರಿನ ದಾಖಲೆ ಒಮ್ಮೆ ಸೇರಿದರೆ ಮುಂದಿನ ಅರ್ಜಿಗಳಲ್ಲೆಲ್ಲ ಅದಕ್ಕೆ ಉತ್ತರ ಕೊಡುತ್ತಿರಬೇಕು. ಆರು ತಿಂಗಳ ಪ್ರವಾಸ ಎಂದುಕೊಂಡಿದ್ದರೆ ಎಂಟು ತಿಂಗಳ ರಜೆಯನ್ನೂ ಹಣವನ್ನೂ ಹೊಂದಿಸಿಕೊಂಡೇ ಹೊರಡಿ.