ಮಾತು ಬಾರದವನ ಬರವಣಿಗೆ

ಬುಕ್ಕಸಾಗರದಂಥ ಹೊಳೆದಂಡೆಯ ಊರಿನಲ್ಲಿ, ಹೆಸರು ಹಿಡಿದು ಕರೆದರೂ ತಿರುಗಿ ನೋಡದೆ, ಒಂದೇ ಆಟವನ್ನು ದಿನವಿಡೀ ಆಡುತ್ತ ಕೂಡ್ರುವ ಕೂಸನ್ನು ಕಂಡು ಕೆಲವರು ಗಾಳಿ ಸೋಕಿತೆನ್ನುವರು. ಕೆಲವರು ತಾಯಿಯ ಸಾಕಣೆಯನ್ನೇ ಹಳಿಯುವರು. ಎರಡೂ ಸುಳ್ಳು. ಇದು ಮೆದುಳಿನ ಬೆಳವಣಿಗೆಯಲ್ಲಿಯೇ ಇರುವ ಭಿನ್ನತೆ. 1943ರಲ್ಲಿ ಅಮೇರಿಕೆಯ ವೈದ್ಯರಾದ ಲಿಯೋ ಕ್ಯಾನರರು ಹನ್ನೊಂದು ಮಕ್ಕಳನ್ನು ಪರೀಕ್ಷಿಸಿ ಇದನ್ನು ವರ್ಣಿಸಿದರು. ಆಟಿಸಂ ಎಂದು ಲೋಕಪ್ರಸಿದ್ಧವಾದ ಇದಕ್ಕೆ ಕನ್ನಡದಲ್ಲಿ ಸ್ವಲೀನತೆಯೆಂದು ಹೆಸರು. ಸ್ವಲೀನರೆಲ್ಲರೂ ಮೂಕರಲ್ಲ, ಚೆನ್ನಾಗಿ ಮಾತನಾಡುವವರೂ ಅನೇಕರುಂಟು. ಆದರೆ ಕೂಸಿನ ವಿಷಯವಾಗಿ ಮರುಗುವ ನಾವು, ಅದೇ ಕೂಸು ಪ್ರಾಯಕ್ಕೆ ಬಂದ ಮೇಲೆ ತನ್ನನ್ನು ತಾನು ಏನೆಂದು ಬಗೆದೀತೆಂಬದನ್ನು ವಿಚಾರಿಸುವದಿಲ್ಲ.

ಮೈಸೂರು, ಬೆಂಗಳೂರುಗಳಲ್ಲಿ ಬಾಲ್ಯವನ್ನು ಕಳೆದ ಟಿಟೋ ರಾಜರ್ಷಿ ಮುಖೋಪಾಧ್ಯಾಯರ ವೃತ್ತಾಂತವನ್ನು ವಾಚಕರು ಈ ಸಂಬಂಧದಲ್ಲಿ ಅರಿಯತಕ್ಕದ್ದು. 1989ರಲ್ಲಿ ಜನಿಸಿದ ಇವರ ಸ್ವಲೀನತೆಯು ತೀವ್ರತರದ್ದು. ಬಾಯಿಂದ ಮಾತು ಹೊರಡುವದು ಬಲು ಕಷ್ಟ. ತಾಯಿ ಸೋಮಾ ಅವರು ಅಕ್ಷರದ ಹಲಗೆಯನ್ನು ಮುಂದಿಟ್ಟು ಬೆರಳಿನಿಂದ ತೋರಿಸುವದನ್ನು ಕಲಿಸಿದರು; ಮುಂದೆ ಪೆನ್ಸಿಲನ್ನು ಮಗನ ಕೈಗೆ ಕಟ್ಟಿ ಬರೆಯಿಸಿದರು. 2000ದಲ್ಲಿ ಆ ಬಾಲಕನ ಪುಸ್ತಕವು ಇಂಗ್ಲೆಂಡಿನಲ್ಲಿ ಅಚ್ಚಾಯಿತು. ತಾಯಿಯ ಈ ಪದ್ಧತಿಯನ್ನು ವಿದ್ವಾಂಸರೆಲ್ಲರೂ ಒಪ್ಪಿಲ್ಲವೆಂಬದನ್ನು ಮರೆಮಾಚುವದು ತರವಲ್ಲ; ಅಮೇರಿಕೆಯ ವಾಕ್‌ಚಿಕಿತ್ಸಕರ ಸಂಘವು 2018ರಲ್ಲಿ ಅದನ್ನು ಬಳಸಬಾರದೆಂದೇ ಸಾರಿತು. ಆದರೆ ಟಿಟೋ ಅವರು ಸ್ವಂತ ಕೈಯಿಂದ ಬರೆಯುವದನ್ನು ಕಲಿತವರು. ಅಮೇರಿಕೆಗೆ ಹೋಗಿ ಬೆಳೆದು ದೊಡ್ಡವರಾದ ಮೇಲೆ, 2015ರಲ್ಲಿ, ವಿಶೇಷ ಶಾಲೆಯ ಅನುಭವಗಳನ್ನು ಕುರಿತು ‘ಪ್ಲ್ಯಾಂಕ್ಟನ್ ಡ್ರೀಮ್ಸ್’ ಎಂಬ ಗ್ರಂಥವನ್ನು ಹೊರತಂದರು. ಬಾಲ್ಯದಿಂದಲೂ ಪಂಡಿತರ ಪರೀಕ್ಷೆಗೆ ಗುರಿಯಾಗಿದ್ದವರು ಅದರಲ್ಲಿ ತಾವೇ ಪರೀಕ್ಷಕರಾಗಿ, ‘ಸರಿಯಾದವರ’ ನಡೆನುಡಿಗಳನ್ನು ನೋಡಿ ನಗುತ್ತಾರೆ. ಕನಿಕರವನ್ನು ಬೇಡುವವನ ನಗೆ ಅದಲ್ಲ.

ಇಂಥ ಧೈರ್ಯಕ್ಕೆ ನಮ್ಮ ಕಚೇರಿಗಳಲ್ಲಿ ಎಡೆಯಿದೆಯೆ? 1995ರ ಅಂಗವಿಕಲರ ಕಾಯಿದೆಯಲ್ಲಿ ಸ್ವಲೀನತೆಯ ಹೆಸರೇ ಇರಲಿಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯಿದೆಯು ಹದಿನೆಂಟು ದಾಟಿದವರಿಗೆ ಪಾಲಕರನ್ನು ನೇಮಿಸಲು ಸ್ಥಾನಿಕ ಸಮಿತಿಗೆ ಅಧಿಕಾರವನ್ನಿತ್ತಿತು. 2016ರ ಕಾಯಿದೆಯು ಇನ್ನೂ ಒಂದು ಹೆಜ್ಜೆ ಮುಂದಿಟ್ಟು, ಪಾಲಕತ್ವವು ಮಿತವಾಗಿರಬೇಕು, ಆ ವ್ಯಕ್ತಿಯೊಡನೆ ಸಮಾಲೋಚಿಸಿಯೇ ತೀರ್ಮಾನಿಸಬೇಕು ಎಂದು ವಿಧಿಸಿದೆ. ಆದರೂ ರೂಢಿ ಬೇರೆ: ಪ್ರಶ್ನೆಯೆಲ್ಲವೂ ತಂದೆಗೆ, ಪಕ್ಕದಲ್ಲಿ ನಿಂತ ಮೂವತ್ತರ ಮಗನು ಗೋಡೆಯಂತೆ.

2021ರಲ್ಲಿ ವಿಜಯನಗರ ಜಿಲ್ಲೆಯಾದ ಮೇಲೆ ಬುಕ್ಕಸಾಗರದವರಿಗೆ ಜಿಲ್ಲಾ ಕಚೇರಿಯು ಹೊಸಪೇಟೆಯಲ್ಲಿಯೇ ಇದೆ. ಮೊದಲಿನಂತೆ ಬಳ್ಳಾರಿಯವರೆಗೆ ಅಲೆಯಬೇಕಾಗಿಲ್ಲ. ಆ ಮೇಜಿನ ಮುಂದೆ ಬಂದು ನಿಂತ ತರುಣನಿಗೆ ಅಧಿಕಾರಿಗಳು ಒಂದು ಕಾಗದವನ್ನೂ ಪೆನ್ಸಿಲನ್ನೂ ಕೊಡಲಿ. ಬರೆಯಲು ಬಾರದಿದ್ದರೆ ಚಿತ್ರಗಳನ್ನು ತೋರಿಸಿ ಕೇಳಲಿ. ಉತ್ತರಕ್ಕೆ ಅರ್ಧ ತಾಸು ಹಿಡಿದರೆ ಹಿಡಿಯಲಿ.