ಗಿಟಾರಿಗೆ ಮೊದಲು ಪ್ರೀಆಂಪ್, ಆಮೇಲೆ ಪೆಡಲು

ರಾಜ್ಯೋತ್ಸವವಿರಲಿ, ಯುಗಾದಿಯ ಸಂಜೆಯಿರಲಿ, ಹೊರನಾಡಿನ ನಮ್ಮ ವೇದಿಕೆಗಳಲ್ಲಿ ಹಾರ್ಮೋನಿಯಂ, ತಬಲಾಗಳ ಪಕ್ಕ ಈಗ ಗಿಟಾರೂ ಬಂದು ಕೂತಿದೆ. ರಘು ದೀಕ್ಷಿತರ ಆಲ್ಬಂ 2008ರಲ್ಲಿ ಬಂದು, ಶಿಶುನಾಳ ಶರೀಫರ ಪದವನ್ನು ಗಿಟಾರಿನೊಂದಿಗೆ ಕೇಳಿದ ಮೇಲಂತೂ ನಮ್ಮ ಹುಡುಗ ಹುಡುಗಿಯರಿಗೆ ಉತ್ಸಾಹವೋ ಉತ್ಸಾಹ. ಸಂತೋಷದ ಸಂಗತಿಯೇ. ಆದರೆ ಮನೆಯಲ್ಲಿ ಇಂಪಾಗಿ ಕೇಳುವ ಅದೇ ಗಿಟಾರು ಸಭಾಗೃಹದಲ್ಲಿ ತಗಡು ಬಡಿದಂತೆ ಕೇಳುತ್ತದೆ, ಇಲ್ಲವೇ ‘ಊಂ’ ಎಂದು ಊಳಿಟ್ಟು ಹಾಡುವವರ ಮಾತನ್ನೇ ನುಂಗಿಬಿಡುತ್ತದೆ. ಭಾವಗೀತೆಯಲ್ಲಿ ಸಾಹಿತ್ಯವೇ ಕೇಳಿಸದಿದ್ದರೆ ಇನ್ನು ಉಳಿದದ್ದೇನು? ಹೊಸ ಹೊಸ ಪೆಡಲು ಕೊಂಡರೆ ಇದು ಸರಿಹೋದೀತೆಂದು ಮೊದಲ ಸಂಬಳವನ್ನೆಲ್ಲ ಅಂಗಡಿಗೆ ಸುರಿದು ಬಂದವರನ್ನು ನೋಡಿದ್ದೇನೆ. ಸರಿಹೋಗುವುದಿಲ್ಲ.

ಅಡುಗೆಮನೆಯ ಹೆಂಗಸಿಗೆ ಇದೆಲ್ಲ ಹೇಗೆ ಗೊತ್ತೆಂದು ನಗಬೇಡಿ. ಮಗ ಮತ್ತು ಅವನ ಗೆಳೆಯರ ಅಭ್ಯಾಸ ನಡೆಯುವುದು ನಮ್ಮ ಮನೆಯಲ್ಲೇ. ಸಾಮಾನಿನ ಜೊತೆ ಬರುವ ಇಂಗ್ಲಿಷ್ ಕೈಪಿಡಿಯನ್ನು ಅವರು ಯಾರೂ ತೆರೆಯುವುದಿಲ್ಲ, ಇಂಗ್ಲಿಷಿನಲ್ಲಿ ಬಿ.ಎ. ಮಾಡಿದ ನಾನು ಓದುತ್ತೇನೆ. ಅಲ್ಲದೆ ಈ ವಿದ್ಯೆಯ ಒಂದು ತುಣುಕು ಅಡುಗೆಮನೆಯಲ್ಲೇ ಇದೆ. ಗ್ಯಾಸ್ ಲೈಟರ್ ಒತ್ತಿದಾಗ ಒಳಗಿನ ಹರಳಿನ ಮೇಲೆ ಪೆಟ್ಟು ಬಿದ್ದು ವಿದ್ಯುತ್ ಹುಟ್ಟುತ್ತದೆ, ಕಿಡಿ ಹಾರುತ್ತದೆ. ಹರಳುಗಳ ಈ ಗುಣವನ್ನು 1880ರಲ್ಲಿ ಜಾಕ್ ಮತ್ತು ಪಿಯರ್ ಕ್ಯೂರಿ ಸೋದರರು ಕಂಡುಹಿಡಿದರು. ಇದಕ್ಕೆ ಪೀಜೋ ಎಂದು ಹೆಸರು. ಗಿಟಾರಿನಲ್ಲಿ ತಂತಿಗಳು ಹಾದುಹೋಗುವ ಬಿಳಿ ಪಟ್ಟಿಯ ಕೆಳಗೆ ಅಡಗಿಸಿಡುವ ಪಿಕಪ್ ಬಹುಮಟ್ಟಿಗೆ ಇದೇ ಜಾತಿಯದು.

ಪೀಜೋ ಬಹಳ ನಾಜೂಕಿನದು. ಅದು ಕೊಡುವ ಸಂಕೇತವನ್ನು ಸ್ವೀಕರಿಸುವ ಪೆಟ್ಟಿಗೆಯ ತಡೆ, ಅಂದರೆ ಇಂಪಿಡೆನ್ಸ್, ಕನಿಷ್ಠ 10 ಲಕ್ಷ ಓಮ್ ಆದರೂ ಇರಬೇಕು. ಮಿಕ್ಸರಿನಲ್ಲಿ ಮೈಕ್ ಸಿಕ್ಕಿಸುವ ಜಾಗದಲ್ಲಿ ಅದು ಕೆಲವೇ ಸಾವಿರ ಓಮ್. ನೇರ ಅಲ್ಲಿಗೆ ಜೋಡಿಸಿದರೆ ಮಂದ್ರದ ನಾದವೆಲ್ಲ ಸೋರಿಹೋಗಿ ಬರೀ ಕೀರಲು ಉಳಿಯುತ್ತದೆ. ನಡುವೆ ನಿಂತು ಈ ನಾಜೂಕನ್ನು ಕಾಯುವುದೇ ಪ್ರೀಆಂಪಿನ ಕೆಲಸ. ಎಲ್.ಆರ್. ಬ್ಯಾಗ್ಸ್ ಕಂಪೆನಿಯ ಪ್ಯಾರಾ ಅಕೂಸ್ಟಿಕ್ ಡಿ.ಐ. ಎಂಬ ಹೆಸರಾಂತ ಪೆಟ್ಟಿಗೆಯಲ್ಲಿ ಈ ತಡೆ 1 ಕೋಟಿ ಓಮ್!

ಕೊಳ್ಳುವ ಮೊದಲು ನಿಮ್ಮ ಗಿಟಾರನ್ನೇ ಒಮ್ಮೆ ತಿರುಗಿಸಿ ನೋಡಿ. ಪಕ್ಕದಲ್ಲೋ ಒಳಗೋ 9 ವೋಲ್ಟಿನ ಬ್ಯಾಟರಿ ಇದ್ದರೆ ಪ್ರೀಆಂಪ್ ಆಗಲೇ ಒಳಗೇ ಇದೆ ಎಂದರ್ಥ. ಅಂಥವರಿಗೆ ಒಂದು ಸಾದಾ ಡಿ.ಐ. ಬಾಕ್ಸ್ ಸಾಕು. ಗಿಟಾರಿನ ತೆಳು ಕೇಬಲ್ 5-6 ಮೀಟರ್ ಮೀರಬಾರದು, ಡಿ.ಐ.ಯಿಂದ ಹೊರಡುವ ಮೂರು ಪಿನ್ನಿನ ಕೇಬಲ್ ಮಾತ್ರ ಸಭಾಗೃಹದ ಹಿಂಬದಿಯ ಮಿಕ್ಸರಿನವರೆಗೂ ಗದ್ದಲವಿಲ್ಲದೆ ಹೋಗುತ್ತದೆ.

‘ಗುಂಯ್’ ಎಂಬ ಕರೆಂಟಿನ ಸದ್ದು ಬಂದರೆ ಡಿ.ಐ.ಯಲ್ಲಿರುವ ಗ್ರೌಂಡ್ ಲಿಫ್ಟ್ ಸ್ವಿಚ್ ಒತ್ತಿ. ಕೆಲವು ಕಡೆ ಸದ್ದು ನಿಲ್ಲಿಸಲೆಂದು ಪ್ಲಗ್ಗಿನ ಅರ್ಥ್ ಪಿನ್ನನ್ನೇ ಕಿತ್ತುಹಾಕುತ್ತಾರೆ. ಮಕ್ಕಳೇ, ಇದಕ್ಕೆ ಮಾತ್ರ ಯಾವ ಕಾರಣಕ್ಕೂ ಒಪ್ಪಬೇಡಿ. ಕೈಯಲ್ಲಿ ಲೋಹದ ತಂತಿ, ತುಟಿಯ ಹತ್ತಿರ ಲೋಹದ ಮೈಕ್. ಅರ್ಥಿಂಗ್ ಇಲ್ಲದಿದ್ದರೆ ಪ್ರಾಣಕ್ಕೇ ಸಂಚಕಾರ. ಕಾರ್ಯಕ್ರಮ ತಡವಾದರೆ ಆಗಲಿ.

ಇನ್ನು ಊಳಿಡುವ ವಿಷಯ. ಸ್ಪೀಕರಿನ ಸದ್ದು ಗಿಟಾರಿನ ಹೊಟ್ಟೆಯನ್ನು ಹೊಕ್ಕು, ಮರವನ್ನು ನಡುಗಿಸಿ, ಪಿಕಪ್ ಮೂಲಕ ಮತ್ತೆ ಸ್ಪೀಕರಿಗೇ ಹೋಗಿ ಸುತ್ತುತ್ತದೆ. ದೊಡ್ಡ ಮೈಯ ಗಿಟಾರಿನ ಹೊಟ್ಟೆ ಸುಮಾರು 100 ಹರ್ಟ್ಸ್ ಆಸುಪಾಸಿನಲ್ಲಿ ತಾನಾಗಿಯೇ ಮೊಳಗುತ್ತದೆ. ಅದಕ್ಕೇ ಊಳು ಹೆಚ್ಚಾಗಿ ಕೆಳಸ್ವರದಲ್ಲಿ ಬರುವುದು. ಎಲ್ಲಕ್ಕಿಂತ ಅಗ್ಗದ ಮದ್ದು, ಗಿಟಾರಿನ ಬಾಯಿಗೆ ಮುಚ್ಚುವ ರಬ್ಬರ್ ಮುಚ್ಚಳ. ಅದಕ್ಕೂ ಜಗ್ಗದಿದ್ದರೆ ಪ್ರೀಆಂಪಿನ ಫೇಸ್ ಸ್ವಿಚ್ ಒತ್ತಿ ನೋಡಿ. ಆಮೇಲೆ ನಾಚ್ ಎಂಬ ತಿರುಪು. ನಾಚ್ ಆ ಒಂದು ಹಟಮಾರಿ ಸ್ವರವನ್ನಷ್ಟೇ ಕತ್ತರಿಸುತ್ತದೆ. ಬೇಸ್ ತಿರುಪನ್ನು ಪೂರ್ತಿ ಇಳಿಸುವುದು, ಸಾರಿಗೆ ಉಪ್ಪು ಹೆಚ್ಚಾಯಿತೆಂದು ಪಾತ್ರೆಯನ್ನೇ ಬೋರಲು ಹಾಕಿದ ಹಾಗೆ. ಈ ಫೇಸ್, ನಾಚ್ ಎರಡೂ ಇರುವ ಪ್ರೀಆಂಪನ್ನೇ ಆರಿಸಿ. ಮಧ್ಯದ ಸ್ವರಗಳಿಗೆ ಬೇರೆ ತಿರುಪು ಇದ್ದರೆ ಇನ್ನೂ ಒಳ್ಳೆಯದು. ಹಾಡುವವರ ಕಂಠವೂ ಗಿಟಾರೂ ಗುದ್ದಾಡುವುದು ಅಲ್ಲಿಯೇ. ಗಿಟಾರಿನದನ್ನು ಸ್ವಲ್ಪ ಇಳಿಸಿದರೆ ಪದಗಳು ಹೊರಗೆ ಬರುತ್ತವೆ.

ಪೆಡಲುಗಳ ಸರದಿ ಇದಾದ ಮೇಲೆ. ಮೊದಲನೆಯದು ಟ್ಯೂನರ್. ಅದನ್ನು ಒತ್ತಿದಾಗ ಹೊರಗೆ ಸದ್ದು ನಿಲ್ಲುವಂಥದ್ದಾದರೆ, ನಿರೂಪಕರು ಕವಿಪರಿಚಯ ಮಾಡುವಾಗ ಟೊಂಯ್ ಟೊಂಯ್ ಎನ್ನಿಸದೆ ಶ್ರುತಿ ಸರಿಮಾಡಿಕೊಳ್ಳಬಹುದು. ಎರಡನೆಯದು ರಿವರ್ಬ್, ಅದೂ ಚಿಟಿಕೆಯಷ್ಟು. ನಮ್ಮ ಸಭಾಗೃಹಗಳು ಮೊದಲೇ ಬೇಕಾದಷ್ಟು ಪ್ರತಿಧ್ವನಿಸುತ್ತವೆ. ಕಂಪ್ರೆಸರ್ ಸಣ್ಣ ಸದ್ದನ್ನು ಎತ್ತಿಹಿಡಿಯುವುದರಿಂದ ಊಳಿಡುವ ಭಯವೂ ಹೆಚ್ಚು. ಕೋರಸ್, ಡಿಲೇ ಎಲ್ಲ ಮುಂದಿನ ವರ್ಷಕ್ಕಿರಲಿ. ನನಗಂತೂ ಕೋರಸ್ ಕೇಳಿದರೆ ನೀರಿನೊಳಗೆ ಕೂತು ನುಡಿಸಿದಂತೆ ಭಾಸವಾಗುತ್ತದೆ. ಮಗ ಒಪ್ಪುವುದಿಲ್ಲ.

ಪೆಡಲಿಗೆ ಸಾಮಾನ್ಯವಾಗಿ 9 ವೋಲ್ಟ್ ಬೇಕು, ಅಡಾಪ್ಟರಿನ ನಡುವಿನ ತುದಿ ನೆಗೆಟಿವ್ ಇರಬೇಕು. ಆದರೂ ಪೆಡಲಿನ ಮೇಲೆ ಬರೆದದ್ದನ್ನು ಓದಿಯೇ ಜೋಡಿಸಿ. ಮುಂಬಯಿಯಲ್ಲಿರುವವರು ಧೋಬಿ ತಲಾವಿನ ವಾದ್ಯದಂಗಡಿಗೆ ನಿಮ್ಮ ಗಿಟಾರನ್ನೇ ಹೊತ್ತು ಹೋಗಿ, ಅದರಲ್ಲೇ ನುಡಿಸಿ ನೋಡಿ. ಅಂಗಡಿಯ ದುಬಾರಿ ಗಿಟಾರಿನಲ್ಲಿ ಎಲ್ಲ ಪೆಟ್ಟಿಗೆಯೂ ಚೆಂದವೇ. ಸಾಧ್ಯವಾದರೆ ಗೆಳೆಯರಿಂದ ಒಂದು ದಿನಕ್ಕೆ ಎರವಲು ತಂದು ಸಭಾಗೃಹದಲ್ಲೇ ಪರೀಕ್ಷಿಸಿ.

ಕಾರ್ಯಕ್ರಮದ ದಿನ ಅರ್ಧ ಗಂಟೆ ಮೊದಲೇ ಹೋಗಿ, ಮೈಕಿನ ಅಣ್ಣನನ್ನು ಮಾತಾಡಿಸಿ. ಕೇಬಲ್ ಸಿಕ್ಕಿಸುವ ಮುನ್ನ ಅವರ ಕಡೆಯ ವಾಲ್ಯೂಮ್ ಇಳಿಸಿರಲಿ. ಸಭೆಯ ನಡುವೆ ಒಬ್ಬರನ್ನು ಕೂರಿಸಿ, ಹಾಡಿನ ಪ್ರತಿ ಪದವೂ ಕೇಳುತ್ತಿದೆಯೇ ಎಂದು ವಿಚಾರಿಸಿ. ಜೇಬಿನಲ್ಲಿ ಒಂದು ಹೊಸ 9 ವೋಲ್ಟ್ ಬ್ಯಾಟರಿ ಇರಲಿ.